ಮೇಣದ ಬಿಲ್ಲೆ

ಬೆಳಿಗ್ಗೆ ಎಂಟಕ್ಕೆ ಐಸ್ ತಟ್ಟೆಯ ಮೇಲೆ
ಬಿಲ್ಲೆಗಳನ್ನು ಬೋರಲು ಹಾಕುತ್ತೇನೆ.
ತಣ್ಣಗಾಗದ ಮೇಣ ಅಲಗಿಗೆ ಮುದುಡುತ್ತದೆ.
ಹೊರಗೆ ಹೊಸೂರು ರಸ್ತೆ ಆಗಲೇ ಕೂಗಾಡುತ್ತಿರುತ್ತದೆ;
ಒಳಗೆ ಚಕ್ರ ತಿರುಗಿಸುವ ಬಲಗೈ, ಅಷ್ಟೇ ಸದ್ದು.

ಕೂದಲನ್ನು ಉದ್ದಕ್ಕೆ ಇಪ್ಪತ್ತು ಸೀಳಿದರೆ
ಒಂದು ಸೀಳಿನಷ್ಟು ತೆಳು.
ಬೆಚ್ಚಗಿನ ನೀರಿನ ಮೇಲೆ ಬಿಟ್ಟರೆ
ಹಾಲಿನ ಕೆನೆಯ ಹಾಗೆ ಬಿಚ್ಚಿಕೊಳ್ಳುತ್ತದೆ.
ಈ ಹೋಲಿಕೆ ನನಗೆ ಇಷ್ಟವಿಲ್ಲ. ಬೇರೆಯದು ಸಿಕ್ಕಿಲ್ಲ,
ಹನ್ನೊಂದು ವರ್ಷದಿಂದ.

ಬಣ್ಣ ಎರಡು.
ಕೋಶದ ಬೀಜಕ್ಕೆ ನೇರಳೆ, ಉಳಿದ ಮೈಗೆ ಗುಲಾಬಿ.
ಮಾರ್ಚಿನಲ್ಲಿ ಜಯನಗರದ ಕೆಲವು ದಾರಿಗಳು ಹೀಗೇ ಇರುತ್ತವೆ,
ಜಕರಂದ, ಟಬೆಬುಯಾ, ಗುಡಿಸುವವರು
ಎರಡನ್ನೂ ಒಂದೇ ಬುಟ್ಟಿಗೆ ತುಂಬುತ್ತಾರೆ.

ಆರೋಗ್ಯವಾಗಿರುವ ಹಾಲ್ಗಾಲುವೆ ಬಳೆಯ ಹಾಗೆ:
ನಡುವೆ ಖಾಲಿ, ಸುತ್ತ ಎರಡು ಸಾಲು ಕೋಶ,
ಅದರಾಚೆ ತೆಳ್ಳನೆಯ ಪೊರೆಯೊಂದು, ಬೇಲಿ.
ಯಾವುದೋ ಒಂದಕ್ಕೆ ‘ಸಾಕು’ ಅನ್ನುವ ಮಾತು ಮರೆತುಹೋಗುತ್ತದೆ.
ಎರಡಾಗುತ್ತದೆ, ನಾಲ್ಕಾಗುತ್ತದೆ, ಕಾಲುವೆ ತುಂಬುತ್ತದೆ.
ಬೇಲಿಯೊಳಗೇ ಇದ್ದರೆ ಒಂದು ಹೆಸರು,
ದಾಟಿದರೆ ಇನ್ನೊಂದು.
ರಾಜಕಾಲುವೆ ಒತ್ತುವರಿ ಅನ್ನುತ್ತಾರೆ ನಮ್ಮ ಡಾಕ್ಟರ್ ವಾರಿಜಾ,
ಅವರ ಮನೆಗೆ ಮಳೆನೀರು ನುಗ್ಗಿದ ವರ್ಷದಿಂದ.
ಒತ್ತಿದವರ ಮೇಲೆ ಅಲ್ಲಿ ದೂರಾದರೂ ಕೊಡಬಹುದು.
ಇದು ಅವಳದೇ ಕೋಶ,
ಅವಳದೇ ರಕ್ತ ಕುಡಿದು ಬೆಳೆದದ್ದು.

ಅವಳು ಅಂದರೆ ಅಕ್ಕಯ್ಯಮ್ಮ, ನಲವತ್ತೇಳು, ಎಡಗಡೆ,
ಎರಡೂವರೆ ಸೆಂಟಿಮೀಟರ್,
ಕಂಕುಳಲ್ಲಿ ತೆಗೆದ ಗಂಟು ಹದಿನಾಲ್ಕು, ಎರಡರಲ್ಲಿ ಇತ್ತು.
ನನಗೆ ಅವಳು ಇಷ್ಟೇ ಆಗಿದ್ದಳು
ಕಿಟಕಿಗೆ ಬಂದು ನಿಲ್ಲುವ ತನಕ.

ಬೇರೆ ಆಸ್ಪತ್ರೆಯಲ್ಲಿ ತೋರಿಸಬೇಕಂತೆ, ಬಿಲ್ಲೆ ಬೇಕಂತೆ.
ರಿಜಿಸ್ಟರಿನಲ್ಲಿ ಸಹಿ ಮಾಡಿದಳು, ನಾಲ್ಕೂ ಅಕ್ಷರ ಬಿಡಿಬಿಡಿ.
ಉಗುರಿನ ಸಂದಿಯಲ್ಲಿ ಮಡಿವಾಳ ಮಾರ್ಕೆಟ್ಟಿನ ಹಸಿರು.
ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು.
‘ಮೂರು ಮಕ್ಕಳಿಗೆ ಕುಡಿಸಿದ್ದು. ಇಷ್ಟೇನಾ?’
ಇದು ಚೂರು ಅಷ್ಟೇ ಅಮ್ಮ, ಅಂದೆ.
‘ಉಳಿದಿದ್ದು?’
ಹಳದಿ ಚೀಲದಲ್ಲಿ ಹೋಯಿತು ಅನ್ನಲಿಲ್ಲ.

ಗಾಜನ್ನು ಬೆಳಕಿಗೆ ಹಿಡಿದಳು.
‘ಬಣ್ಣ ಚೆನ್ನಾಗೈತೆ ಕಣಮ್ಮ.’
ಇನ್ನೊಂದು ಗಾಜಿನಲ್ಲಿ ಬೀಜಗಳೆಲ್ಲ ಕಂದು.
‘ಇದ್ಯಾಕೆ ಮಣ್ಣಿನ ಬಣ್ಣ?’
ನಾನು ಹೇಳುವಂತಿಲ್ಲ, ಹೇಳುವವರು ಮೇಲಿನ ಮಹಡಿಯಲ್ಲಿದ್ದಾರೆ.
ಹೇಳಬಹುದಿತ್ತು:
ಕಂದು ಬಂದರೆ ಆ ಕೋಶಕ್ಕೊಂದು ಬೀಗವಿದೆ,
ನಿಮ್ಮ ಮೈಯ ಈಸ್ಟ್ರೋಜನ್ನೇ ಅದರ ಕೀಲಿಕೈ,
ಬೀಗದ ಕಣ್ಣಿಗೆ ಮೇಣ ಮೆತ್ತುವಂಥ ಮಾತ್ರೆಯೊಂದಿದೆ,
ದಿನಕ್ಕೊಂದು, ಐದು ವರ್ಷ, ಕೆಲವರಿಗೆ ಹತ್ತು,
ಸೊಪ್ಪಿನ ಕಂತೆಗಿಂತ ಅಗ್ಗ.
ಅದಕ್ಕೂ ಮುಂಚೆ ಕೆಂಪು ಡ್ರಿಪ್ಪು, ಬಾಯಿಹುಣ್ಣು,
ದಿಂಬಿನ ತುಂಬ ಕೂದಲು, ಆಮೇಲೆ
ವಾರಕ್ಕೈದು ದಿನ ಕಿರಣ.
ಡಾಕ್ಟ್ರು ಹೇಳ್ತಾರಮ್ಮ, ಅಂದೆ.
ಮುಖ ಏನೋ ಹೇಳಿಬಿಟ್ಟಿರಬೇಕು.
‘ಹಂಗಾರೆ ಮಣ್ಣು ಒಳ್ಳೇದೇ ಬುಡು.’

ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು.
ಬಿಸಿಲಿಗೆ ಇಡಬೇಡಿ, ಕರಗುತ್ತೆ.
‘ಸೊಪ್ಪು ಮಾರೋಳಿಗೆ ಬಿಸಿಲು ಹೇಳ್ಕೊಡ್ತೀಯಾ?’

ಏಳು ವಾರದ ಮೇಲೆ ಬಿಲ್ಲೆ ವಾಪಸು ಬಂತು.
ತಂದವನು ಮಗನೋ ತಮ್ಮನೋ, ಹೆಲ್ಮೆಟ್ ತೆಗೆಯಲಿಲ್ಲ.
‘ಎರಡನೇ ಡ್ರಿಪ್ಪು ನಿನ್ನೆ. ಮಲಗವ್ಳೆ.’
ಬಿಲ್ಲೆಯ ಸುತ್ತ ಬಾಳೆನಾರು, ಮೂರು ಸುತ್ತು,
ಕೊತ್ತಂಬರಿ ಕಂತೆಗೆ ಹಾಕುವ ಗಂಟು.

ನಾರು ಬಿಚ್ಚಿ, ಒರೆಸಿ, ನಂಬರಿನ ಪ್ರಕಾರ ಇಡಬೇಕು.
ಉಗುರಿನಿಂದ ಸ್ವಲ್ಪ ಹೊತ್ತು ನೋಡಿದೆ.
ಇಪ್ಪತ್ತೆರಡು ಎಪ್ಪತ್ತಕ್ಕೂ ಇಪ್ಪತ್ತೆರಡು ಎಪ್ಪತ್ತೆರಡಕ್ಕೂ ನಡುವೆ
ಡ್ರಾಯರು ಈಗ
ಪೂರ್ತಿ ಮುಚ್ಚುವುದಿಲ್ಲ.