ಅಳೆದ ದಿನಾಂಕ

ಕಾರವಾರ ಬಂದರಿನಲ್ಲಿ ಮೂವತ್ತೊಂದು ವರ್ಷ
ನನ್ನ ಕೆಲಸ ಇಷ್ಟೇ: ನೀರೆಷ್ಟು ಎಂದು ಹೇಳುವುದು.
ಸೀಸದ ಗುಂಡಿನ ತಳಕ್ಕೆ ಕೊಬ್ಬು ಮೆತ್ತಿ
ಹಗ್ಗ ಬಿಟ್ಟು, ಎಳೆದು, ಕೂಗುವುದು—
ಮೂರು ಮಾರು, ಮರಳು.
ಎರಡೂವರೆ, ಕೆಸರು.
ಎರಡು, ಚಿಪ್ಪು, ಜೋಪಾನ.
ಆಮೇಲೆ ಎಕೋ ಯಂತ್ರ ಬಂತು. ಗುಂಡು ನಮ್ಮ ಮನೆಗೆ ಬಂತು,
ಬಾಗಿಲಿಗೆ ಒತ್ತಾಗಿ ಕೂತಿದೆ.

ಹಾಗಾಗಿ, “ತಾಂಡೇಲರೇ, ನಿಮಗೆ ಎಕೋ ಮಾಡಿಸಬೇಕು” ಎಂದಾಗ
ನಕ್ಕುಬಿಟ್ಟೆ. ಹೂಳೆಲ್ಲಿ ತುಂಬಿದೆ ಡಾಕ್ಟರೇ?

ಹೂಳಲ್ಲ.
ಮೀನಿನ ಮುಳ್ಳು ಬಿಡಿಸುವಾಗ, ಒಮ್ಮೆ ಪಿಂಚಣಿಯ ಸಾಲಿನಲ್ಲಿ,
ಎದೆ ಇದ್ದಕ್ಕಿದ್ದಂತೆ ಲಂಗರು ಕಿತ್ತುಕೊಂಡು
ನಿಮಿಷಕ್ಕೆ ನೂರಾ ತೊಂಬತ್ತು.
ಅರ್ಧ ತಾಸು. ಮತ್ತೆ ತಾನಾಗಿಯೇ ಗಪ್‌ಚಿಪ್.
ಜಿಲ್ಲಾಸ್ಪತ್ರೆ ಮುಟ್ಟುವಷ್ಟರಲ್ಲಿ ಇಸಿಜಿಯ ಗೆರೆ
ಶಾಲೆ ಹುಡುಗನ ಕಾಪಿ ಬರಹ.
“ಪೊಲೀಸರನ್ನು ಕಂಡ ಕಳ್ಳ ನಿಮ್ಮ ಎದೆ” ಎಂದಳು ಸುಗಂಧಾ.

ಕಾಳಿಯ ಹಳೆ ಸೇತುವೆ ಕುಸಿದ ಮೇಲೆ
ಹೊಸದೊಂದರ ಮೇಲೇ ಎರಡೂ ದಿಕ್ಕಿನ ಲಾರಿ.
ಗೋವೆಯ ಆಸ್ಪತ್ರೆಗೆ ಹೊರಟ ನಮ್ಮ ಗಾಡಿ
ನಟ್ಟನಡುವೆ ನಿಂತಿತು, ಇಪ್ಪತ್ತು ನಿಮಿಷ.
ಕಿಟಕಿಯಿಂದ ಬಗ್ಗಿ ನೋಡಿದೆ: ಇಳಿತದ ಹೊತ್ತು,
ಕೋಡಿಬಾಗದ ಕಡೆ ಮರಳು ದಿಬ್ಬ ಬೆನ್ನು ತೋರಿಸಿತ್ತು.
ಹೋದ ವರ್ಷ ಅದು ಅಲ್ಲಿರಲಿಲ್ಲ.

ಡಾಕ್ಟರ್ ಶಹೀನಾ ದಾಮುದಿ, ಭಟ್ಕಳದವರು,
ನನ್ನ ಮಗಳಿಗಿಂತ ಚಿಕ್ಕವರು.
“ನಿಮ್ಮನ್ನು ಪೂರ್ತಿ ಮಲಗಿಸುವುದಿಲ್ಲ ಕಾಕಾ,
ನಿದ್ದೆ ಬಂದರೆ ಅದಕ್ಕೂ ನಿದ್ದೆ ಬರುತ್ತದೆ.”
ತೊಡೆಸಂದಿಯೇ ಅಳಿವೆ. ಅಲ್ಲಿಂದ ತಂತಿ
ಭರತಿಯ ನೀರಿನಲ್ಲಿ ದೋಣಿ ನದಿ ಹತ್ತಿದ ಹಾಗೆ
ರಕ್ತದ ಜೊತೆಗೇ ಮೇಲಕ್ಕೆ.

ಪರದೆಯ ಮೇಲೆ, ತಂತಿಯ ತುದಿ ಮುಟ್ಟಿದಲ್ಲೆಲ್ಲ
ಒಂದು ಚುಕ್ಕೆ. ಮತ್ತೊಂದು. ಮತ್ತೊಂದು.
ಮೊದಲು ಮಿಡಿದ ಜಾಗ ಕೆಂಪು, ಕೊನೆಗೆ ಮಿಡಿದದ್ದು ನೇರಳೆ.
ಓಹೋ, ಇವರೂ ಗುಂಡು ಬಿಡುವವರೇ!
ಅಳೆಯುವುದು ಮಾತ್ರ ಆಳವನ್ನಲ್ಲ,
ತಡವನ್ನು.

ಆದರೆ ಕಳ್ಳ ಬರಲಿಲ್ಲ.
ಕರೆದರು, ಕೆಣಕಿದರು, ಔಷಧಿ ಹನಿಸಿದರು.
ಒಂದು ತಾಸು ನನ್ನ ಎದೆ
ಎಂದೂ ಇಲ್ಲದಷ್ಟು ಮರ್ಯಾದಸ್ಥ.
ನನಗೇ ನಾಚಿಕೆ. ನಾನೂ ಒಳಗೊಳಗೇ ಕರೆದೆ,
ಬಾರೋ, ಇಷ್ಟು ಜನ ಕಾದಿದ್ದಾರೆ.

ಬಂತು.
ನಾನು ಹಲ್ಲು ಕಚ್ಚಿದ್ದೆ. ಗಾಜಿನಾಚೆ ಎಲ್ಲರೂ
ಬಲೆ ತುಂಬ ಬಂಗಡೆ ಕಂಡವರಂತೆ ಹಿಗ್ಗಿದರು.

“ಹುಟ್ಟುವ ಮೊದಲೇ ಮುಚ್ಚಬೇಕಿದ್ದ ದಾರಿ ಕಾಕಾ,
ಕೂದಲೆಳೆಯಷ್ಟು, ತೆರೆದೇ ಉಳಿದಿದೆ.”
ನನಗೆ ಗೊತ್ತು. ಗಜನಿ ಗದ್ದೆಯ ಕಟ್ಟೆಗೆ
ಏಡಿ ಕೊರೆದ ಬಿಲ. ಹೊರಗಿನಿಂದ ಕಾಣದು,
ಇಡೀ ಗದ್ದೆಗೆ ಉಪ್ಪುನೀರು.
ಅರವತ್ತೆರಡು ವರ್ಷ ಆ ಬಿಲ ಹೊತ್ತು
ನಾನು ಊರಿಗೆಲ್ಲ ಆಳ ಹೇಳುತ್ತಿದ್ದೆ.

“ಈಗ ಬೆಚ್ಚಗಾಗುತ್ತದೆ. ಅಲುಗಬೇಡಿ.”
ಬಿಸಿ ಗಂಜಿ ಅಡ್ಡದಾರಿಯಲ್ಲಿ ಇಳಿದಂತೆ.
ಒಂದು, ಎರಡು, ಮೂರು—
“ಹೋಯಿತು” ಎಂದರು ಯಾರೋ.
ಸುಟ್ಟದ್ದು ಒಂದು ಅಕ್ಕಿಕಾಳಿನಷ್ಟು.
ಸುಟ್ಟ ಜಾಗದ ಮೇಲೆ ಕಡುಗೆಂಪು ಗುರುತು,
ಬಂಡೆಯ ಮೇಲೆ ನಾವಿಡುವ ಬೋಯಾದ ಹಾಗೆ.

ಮತ್ತೆ ಬರುವುದುಂಟೇ ಎಂದು ಕೇಳಿದೆ.
ನೂರರಲ್ಲಿ ಐದಾರು ಮಂದಿಗೆ, ಎಂದರು.
ಸುಳ್ಳು ಹೇಳಲಿಲ್ಲ. ಅದಕ್ಕೇ ನಂಬಿದೆ.

ನಕಾಶೆಯ ಒಂದು ಪ್ರತಿ ಬೇಡಿ ತಂದಿದ್ದೇನೆ.
ನನ್ನ ಎದೆ, ಬಣ್ಣ ಬಣ್ಣದ್ದು, ಬಿಚ್ಚಿಟ್ಟ ಶಂಖದ ಹಾಗೆ.
ಊಟದ ಮೇಜಿನ ಮೇಲೆ ಹರಡಿ
ನಾಲ್ಕು ಮೂಲೆಗೆ ನಾಲ್ಕು ಡಬ್ಬಿ ಇಟ್ಟೆ.
ಎಲ್ಲ ಸರಿಯಿತ್ತು, ಒಂದು ಬಿಟ್ಟು.
ಪೆನ್ಸಿಲ್ ಚೂಪು ಮಾಡಿ ಬಲಗಡೆ ಕೆಳಗೆ
ನಮ್ಮ ಕಚೇರಿಯ ರೂಢಿಯಂತೆ ಬರೆದೆ:
ಅಳೆದ ದಿನಾಂಕ, ನವೆಂಬರ್ ಹದಿನಾಲ್ಕು.
ಆಮೇಲಿನ ಬದಲಾವಣೆಗೆ ಇಲಾಖೆ ಹೊಣೆಯಲ್ಲ.

ಸುಗಂಧಾ ಓದಿ, ಏನೂ ಅನ್ನದೆ,
ಒದ್ದೆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದು
ಗೋಡೆ ಗಡಿಯಾರ ನೋಡತೊಡಗಿದಳು.