ಅದಲುಬದಲು

ಎಲ್ ಆಲ್ತೋದ ಬೆಳಗು. ಬಕೆಟ್ಟಿನ ನೀರು ಬಕೆಟ್ಟಿನಲ್ಲೇ ಕಲ್ಲು.
ಹದಿಮೂರು ಸಾವಿರ ಅಡಿ ಎತ್ತರದ ಈ ಬಯಲಲ್ಲಿ
ಗಾಳಿ ಬಡವರ ಮನೆಯ ಸಾರಿನಂತೆ ತೆಳು,
ರೆಕ್ಕೆಗೂ ಹೊಟ್ಟೆ ತುಂಬುವುದಿಲ್ಲ.
ಅದಕ್ಕೇ ಓಡುದಾರಿ ಅಷ್ಟುದ್ದ.

ಮಾಂಸದ ವಿಮಾನ ನಮ್ಮದು.
ಕೆಳಗಿನ ಬೇನಿಯಿಂದ ಕೊಯ್ದ ದನ ತರುತ್ತದೆ,
ಇಲ್ಲಿಂದ ಈರುಳ್ಳಿ, ಹಿಟ್ಟು, ಬಿಯರ್ ಪೆಟ್ಟಿಗೆ ಒಯ್ಯುತ್ತದೆ.
ಎಷ್ಟು ತೊಳೆದರೂ ಸಂದಿಯಲ್ಲಿ ನೆತ್ತರ ವಾಸನೆ;
ನಿಂತಾಗಲೆಲ್ಲ ನಾಯಿಗಳು ಅದರ ಹೊಟ್ಟೆಯ ಕೆಳಗೇ ಮಲಗುತ್ತವೆ.

ಸವೆದ ತಂತಿ ಬದಲಿಸಿದವನು ನಾನು, ನಿನ್ನೆ ರಾತ್ರಿ,
ಟಾರ್ಚನ್ನು ಹಲ್ಲಲ್ಲಿ ಕಚ್ಚಿ.
ಕೈಗವಸು ಹಾಕಿದರೆ ಬೆರಳಿಗೆ ಕಣ್ಣಿಲ್ಲ,
ತೆಗೆದರೆ ಬೆರಳೇ ಇಲ್ಲ.

ಬೆಳಗ್ಗೆ ಆರ್ಸೇನಿಯೊ ರೋಕಾ ಚುಕ್ಕಾಣಿ ತಿರುಗಿಸಿ ನೋಡಿದ:
ಎಡಕ್ಕೆ, ಬಲಕ್ಕೆ. ಬೆಣ್ಣೆಯಂತೆ ತಿರುಗಿತು.
ನೆಲ್ವಿ ಚೀಟಿಯಲ್ಲಿ ಗೀಟು ಹಾಕಿದಳು.
ಕಿಟಕಿಯಲ್ಲಿ ಇಬ್ಬನಿ ಹೆಪ್ಪುಗಟ್ಟಿತ್ತು.
ತಿರುಗುತ್ತದೆಯೇ ಎಂದು ಎಲ್ಲರೂ ನೋಡಿದೆವು,
ತಿರುಗಿಸಿದಾಗ ಯಾವ ರೆಕ್ಕೆಯ ಹಲಗೆ ಏಳುತ್ತದೆ ಎಂದು
ಯಾರೂ ನೋಡಲಿಲ್ಲ.

ಓಡಿತು, ಓಡಿತು, ಓಡಿತು,
ಕೊನೆಗೆ ಒಲ್ಲದ ಮನಸ್ಸಿನಿಂದ ನೆಲ ಬಿಟ್ಟಿತು.
ಬೆಟ್ಟದ ಗಾಳಿ ಎಡರೆಕ್ಕೆಯನ್ನು ಒಂದಿಷ್ಟು ಎತ್ತಿತು,
ಅಷ್ಟೇ, ಮಗು ನಿದ್ದೆಯಲ್ಲಿ ಮಗ್ಗುಲಾದಂತೆ.
ಅವನು ತಿದ್ದಿದ.
ರೆಕ್ಕೆ ಇನ್ನೂ ಎದ್ದಿತು.
ಇನ್ನಷ್ಟು ತಿದ್ದಿದ. ಇನ್ನಷ್ಟು ಎದ್ದಿತು.

ನನ್ನ ಬಾಯಲ್ಲಿ ಬ್ರೆಡ್ಡು ಹಾಗೇ ನಿಂತಿತು.

ನಮ್ಮವ್ವನ ಆಯ್ಮಾರ ನುಡಿಯಲ್ಲಿ
ನಿನ್ನೆ ಇರುವುದು ಕಣ್ಣ ಮುಂದೆ, ನಾಳೆ ಬೆನ್ನ ಹಿಂದೆ.
ಕಂಡದ್ದು ಮುಂದೆ, ಕಾಣದ್ದು ಹಿಂದೆ.
ಅಂದು ನಿನ್ನೆಯ ರಾತ್ರಿ ಇಡಿಯಾಗಿ ಎದುರು ಬಂದು ನಿಂತಿತು:
ಟಾರ್ಚು ಜಾರಿದ ಆ ಒಂದು ಗಳಿಗೆ,
ಕತ್ತಲಲ್ಲಿ ಕೈ ಬದಲಿಸಿದ್ದು,
ಎರಡು ತಂತಿ, ಅವಳಿಜವಳಿ,
ಯಾವುದು ಅಣ್ಣ ಯಾವುದು ತಮ್ಮ ಎಂದು ಕೇಳದೆ
ಬಿಗಿದುಬಿಟ್ಟದ್ದು.

ರೇಡಿಯೊ ಕೋಣೆಗೆ ಇನ್ನೂರು ಹೆಜ್ಜೆ.
ಓಡುತ್ತ ಲೆಕ್ಕ ಹಾಕಿದೆ, ನಾಚಿಕೆಯಿಲ್ಲದೆ:
ಹೇಳಿದರೆ ಕೆಲಸ ಹೋಗುತ್ತದೆ. ಲೈಸೆನ್ಸು. ಜೈಲೂ ಆದೀತು.
ಹೇಳದಿದ್ದರೆ, ಹಳೇ ವಿಮಾನ, ಬೆಟ್ಟದ ಗಾಳಿ,
ಬೆಂಕಿ ಯಾವ ಸಾಕ್ಷಿಯನ್ನೂ ಉಳಿಸುವುದಿಲ್ಲ.
ಇನ್ನೂರರಲ್ಲಿ ನೂರೈವತ್ತು ಹೆಜ್ಜೆ
ಈ ಲೆಕ್ಕಕ್ಕೇ ಹೋಯಿತು.

ಮೈಕು ಕಸಿದೆ. "ಕ್ಯಾಪ್ಟನ್, ನಾನು ಸೆವೆರೀನೊ.
ಎಡ ಅಂದರೆ ಬಲ. ತಂತಿ ಅದಲುಬದಲಾಗಿದೆ.
ಮಾಡಿದವನು ನಾನೇ."

ಗರಗರ.
ನೆಲ್ವಿ ಯಾವುದೋ ಸಂತನನ್ನು ಕರೆಯುತ್ತಿದ್ದಳು.
ಆಮೇಲೆ ಅವನ ದನಿ, ಅಂಗಡಿಯಲ್ಲಿ ಉಪ್ಪು ಕೇಳುವಷ್ಟು ಮೆಲ್ಲಗೆ,
ನನಗಲ್ಲ, ಅವಳಿಗೆ:
"ಚುಕ್ಕಾಣಿ ನೀನು ಹಿಡಿ, ಮಗಳೇ.
ನನ್ನ ಕೈಗೆ ಇಪ್ಪತ್ತಾರು ವರ್ಷ ಮರೆಯಬೇಕು,
ನಿನಗೆ ಎರಡೇ.
ಮುಂದಕ್ಕೆ, ಹಿಂದಕ್ಕೆ. ಪಕ್ಕಕ್ಕೆ ಬೇಡವೇ ಬೇಡ.
ಪಕ್ಕದ್ದನ್ನು ನನ್ನ ಕಾಲು ನೋಡಿಕೊಳ್ಳುತ್ತದೆ."

ಒಂದು ಇಂಜಿನ್ನಿಗೆ ಚಿಟಿಕೆ ಹೆಚ್ಚು, ಒಂದಕ್ಕೆ ಚಿಟಿಕೆ ಕಡಿಮೆ,
ಅಡಿಗೆಯವನ ಹಾಗೆ.
ಒಂದು ಊರಿನಷ್ಟು ಅಗಲದ ತಿರುವು:
ಇಟ್ಟಿಗೆ ಮನೆಗಳು, ಒಣಹಾಕಿದ ಲಂಗಗಳು,
ಸಂತೆಯಲ್ಲಿ ಟೋಪಿ ಹಿಡಿದು ತಲೆಯೆತ್ತಿದ ಹೆಂಗಸರು.
ಬಲಗಾಲು ಮೊದಲು ನೆಲ ಮುಟ್ಟಿತು, ಕುಂಟಿತು, ಹಾರಿತು,
ಮತ್ತೆ ಮುಟ್ಟಿತು.

ಬಾಗಿಲು ತೆರೆದರೆ ಈರುಳ್ಳಿಯ ಪ್ರವಾಹ.
ನಾಯಿಗಳು ಓಡಿಬಂದು ಮೂಸಿದವು,
ಬೇಸರದಿಂದ ತಿರುಗಿ ಹೋದವು.

ರೋಕಾ ಬೈಯಲಿಲ್ಲ. "ರೆಕ್ಕೆಯ ಹತ್ತಿರ ನಿಲ್ಲು" ಎಂದ.
ಒಳಗೆ ಕೂತು ಎಡಕ್ಕೆ ತಿರುಗಿಸಿದ.
"ಯಾವುದು ಎದ್ದಿತು?"
"ಬಲ."
"ಇನ್ನೊಮ್ಮೆ."
"ಬಲ."
ಎಷ್ಟು ಸಲವೋ. ನನ್ನ ಗಂಟಲು ಕಟ್ಟುವವರೆಗೆ.

ಲೈಸೆನ್ಸು ಹೋಯಿತು. ಈಗ ಮಿನಿಬಸ್ಸು ರಿಪೇರಿ ಮಾಡುತ್ತೇನೆ.
ಕೆಲಸ ಮುಗಿದ ಮೇಲೆ ಡ್ರೈವರಿಗೆ ಹೇಳುತ್ತೇನೆ:
ತಿರುಗಿಸು, ಎಡಕ್ಕೆ.
ಕೆಸರಲ್ಲಿ ಮೊಣಕಾಲೂರಿ ಚಕ್ರ ನೋಡುತ್ತೇನೆ.
ಅವರು ನಗುತ್ತಾರೆ.
ನಗಲಿ. ಇನ್ನೊಮ್ಮೆ, ಅನ್ನುತ್ತೇನೆ.