ಆಟ ಬಂದಿದೆ

ಬೆಳಗ್ಗೆ ಏಳೂವರೆಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದೆ.
ತಟ್ಟೆಯಲ್ಲಿ ಆರು ಬಿಳಿ ಬಿಲ್ಲೆ, ಒಂದೊಂದರಲ್ಲಿ ಒಂದೊಂದು ಔಷಧಿ;
ಚಂದ್ರನ ಸುತ್ತ ಗುಡಿ ಕಟ್ಟಿದ ಹಾಗೆ
ಪ್ರತಿಯೊಂದರ ಸುತ್ತ ಏನೂ ಬೆಳೆಯದ ಬಯಲು ಇರಬೇಕು.
ಐದನೆಯದಕ್ಕೆ ಇರಲಿಲ್ಲ.
ಬಿಲ್ಲೆಯ ಅಂಚಿಗೇ ಬಂದು ಕೆನೆಗಟ್ಟಿ ಕೂತಿದ್ದವು,
ಪಂಕ್ತಿಗೆ ಮೊದಲೇ ಎಲೆ ಹಿಡಿದವರಂತೆ.
ಸ್ಕೇಲಿಟ್ಟೆ. ಒಂಬತ್ತು ಮಿಲಿಮೀಟರ್.
ಹೋದ ತಿಂಗಳು ಇದೇ ಹೆಂಗಸಿನ ಮೂತ್ರದಲ್ಲಿ ಇಪ್ಪತ್ತೆಂಟು.

ಖೈರುನ್ನೀಸಾ, ಅರವತ್ತೊಂದು, ಹಾಸಿಗೆ ಹದಿನೇಳು.
ರಿಪೋರ್ಟಿಗೆ ಬಂದ ಮಗ ಜಿಯಾವುಲ್ಲಾನ ಉಗುರಲ್ಲಿ ಗ್ರೀಸು;
ಕಾಗದಕ್ಕೆ ಹತ್ತೀತೆಂದು ತುದಿಬೆರಳಲ್ಲಿ ಹಿಡಿದ.
"ಹೋದ ಸಲ ಇದೇ ಸೂಜಿಗೆ ಎದ್ದು ಕೂತಿದ್ರಲ್ಲ ಮೇಡಂ?"
ಹಳೇ ಚೀಟಿಯಲ್ಲಿ ಏಳು ಸೂಜಿ, ನಾಲ್ಕಕ್ಕಷ್ಟೇ ಗುರುತು.
ನಾನು ಕೇಳಲಿಲ್ಲ.

ಮಣಿಪಾಲದಿಂದ ಉತ್ತರ ಬರಲು ಮೂರು ವಾರ.
ಔಷಧಿಯನ್ನೇ ಕಡಿಯುವ ಕಿಣ್ವ,
ಇನ್ನೂರ ಅರವತ್ತಮೂರು ಮಣಿಯ ಒಂದೇ ಸರ,
ತಾನೇ ಸುತ್ತಿ, ಮಡಚಿ, ಒಂದು ಬಾಯಿ ಮಾಡಿಕೊಂಡಿದೆ.
ಇನ್ನೂರ ಮೂವತ್ತೆಂಟು ಎಂದು ಗುರುತಿಟ್ಟ ಜಾಗದಲ್ಲಿ ಗ್ಲೈಸೀನ್ ಇತ್ತು,
ಎಲ್ಲಕ್ಕಿಂತ ಸಣ್ಣದು, ಗೋಡೆಗೆ ಒತ್ತಿ ನಿಂತು ದಾರಿ ಬಿಡುವಂಥದ್ದು.
ಈಗ ಅಲ್ಲಿ ಸೆರೀನ್. ಅದಕ್ಕೊಂದು ಮೊಣಕೈ.
ಜೀನಿನಲ್ಲಿ ಒಂದಕ್ಷರದ ತಪ್ಪು, ಅಷ್ಟೆ.
ಮೂರನೇ ಕ್ಲಾಸಿನಲ್ಲಿ ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದರೆ
ಅಂಗೈ ಮೇಲೆ ರೂಲರ್ ಬೀಳುತ್ತಿತ್ತು ನನಗೆ.
ಇಲ್ಲಿ ತಪ್ಪು ಬರೆದವರಿಗೇ ಬಹುಮಾನ.

ಡಾಕ್ಟರ್ ಸುಚರಿತಾ ಹಳೆಯದರ ಮೇಲೆ ಹೊಸದನ್ನಿಟ್ಟು
ಕಂಪ್ಯೂಟರಿನಲ್ಲಿ ತೋರಿಸಿದರು. ಎರಡೂ ಒಂದೇ ಕಂಡವು.
"ತಡಿ, ಓಡಿಸ್ತೀನಿ."
ಓಡಿತು. ಮೊಣಕೈ ತಾಗಿದ ಪಕ್ಕದ ಎಳೆ ಸರಿದು
ಬಾಯಂಚು ಸಡಿಲಾಗಿ, ಅಗಲಿಸಿ, ಮುಚ್ಚಿ, ಮತ್ತೆ ಅಗಲಿಸಿ
ಮೊದಲು ಹಿಡಿಸದ ದೊಡ್ಡ ತುತ್ತು ಈಗ ಸಲೀಸು.

ಆ ವಾರವೇ ತುಂಗೆಯ ಸೇತುವೆ ಮೇಲೆ
ಸ್ಕೂಟರಿನ ಮುಂದಿನ ಚಕ್ರ ನಡುಗತೊಡಗಿತು.
ಸಾಗರ ರಸ್ತೆ, ಆಟೋ ಕಾಂಪ್ಲೆಕ್ಸ್, ಜಿಯಾವುಲ್ಲಾನ ಶೆಡ್ಡು.
ಅಮ್ಮ ಹೇಗಿದ್ದಾರೆ ಅಂದೆ.
"ನಡೀತಾರೆ. ಗೋಡೆ ಹಿಡ್ಕೊಂಡು. ಆ ದುಬಾರಿ ಸೂಜಿ ಹತ್ತು ದಿನ ಆಯ್ತು."
ಚಕ್ರ ಎತ್ತಿ ಎರಡೂ ಕೈಲಿ ಅಲ್ಲಾಡಿಸಿದ: ಟಕ್ ಟಕ್.
"ಬೇರಿಂಗು ಆಟ ಬಂದಿದೆ. ನಿಂತ ಗಾಡೀಲಿ ಇದು ಕಾಣಲ್ಲ."

ನಿಮ್ಮಮ್ಮನ ಒಳಗೂ ಅದೇ, ಅಂದೆ.
ಆಟ ಜಾಸ್ತಿಯಾದರೆ ಕಿಣ್ವ ನಿಲ್ಲಲಾರದು,
ಮೈಬಿಸಿಗೇ ಬಿಚ್ಚಿ ಮುದ್ದೆಯಾಗುತ್ತದೆ.
ಇದು ಬಿಚ್ಚಲಿಲ್ಲ. ಬಾಯಿಂದ ದೂರ, ಬೆನ್ನಲ್ಲೆಲ್ಲೋ, ನೂರ ಎಂಬತ್ತೆರಡರಲ್ಲಿ
ಇನ್ನೊಂದು ತಪ್ಪು, ಔಷಧಿಗೆ ಸಂಬಂಧವೇ ಇಲ್ಲದ್ದು,
ಸಡಿಲ ಮೈಯನ್ನು ಬಿಗಿ ಹಿಡಿದಿತ್ತು.

"ಪ್ಯಾಕಿಂಗು" ಅಂದ ತಕ್ಷಣ. "ಹಳೇ ಟ್ಯೂಬ್ ಕತ್ತರಿಸಿ ಹಾಕ್ತೀವಲ್ಲ."
ಸ್ವಲ್ಪ ಹೊತ್ತು ಬಿಟ್ಟು:
"ಯಾರು ಹಾಕಿದ್ದು ಮೇಡಂ, ಅಲ್ಲಿ?"

ಯಾರೂ ಇಲ್ಲ.
ಕೋಟಿ ಗಾಡಿ ದಾರಿಯಲ್ಲೇ ಕಳಚಿಬಿದ್ದವು, ಒಂದು ಓಡಿತು.
ಅದರ ಮಕ್ಕಳುಮರಿ ಈಗ ನಮ್ಮ ಫ್ರೀಜರಿನಲ್ಲಿ,
ಹಾಸಿಗೆ ಹದಿನೇಳು ಎಂಬ ಚೀಟಿ ಅಂಟಿಸಿಕೊಂಡು.

ಕೇಳಿಸಿಕೊಂಡನೋ ಇಲ್ಲವೋ.
ಹೊಸ ಬೇರಿಂಗಿಗೆ ಸುತ್ತಿಗೆಯ ಮೆತ್ತನೆ ಏಟು,
ಚಕ್ರ ತಿರುಗಿಸಿ ಕಿವಿಗೊಟ್ಟ.
"ಪೂರ್ತಿ ಟೈಟ್ ಮಾಡಬಾರದು, ಜಾಮ್ ಆಗುತ್ತೆ.
ಒಂದು ಚೂರು ಆಟ ಬೇಕು."
ನಾನೂರೈವತ್ತಾಯಿತು. ಐವತ್ತು ಬಿಟ್ಟ.